ಸಿಐಎ ಆನ್‌ಲೈನ್ ವಾಚನಾಲಯ: ಕಡತ ಕಾದವಳೊಬ್ಬಳ ಅನಿಸಿಕೆ

ಮೂವತ್ತೊಂದು ವರ್ಷ ಅಭಿಲೇಖಾಲಯದಲ್ಲಿ ಕೆಲಸ ಮಾಡಿದವಳು ನಾನು. ಕಡತ ಯಾರ ಕೈಗೆ ಹೋಯಿತು, ಯಾವ ದಿನ ಹೋಯಿತು, ಮರಳಿ ಬಂತೇ ಎಂಬುದನ್ನು ವಹಿಯಲ್ಲಿ ಬರೆದಿಡುವುದೇ ನನ್ನ ಕಸುಬಾಗಿತ್ತು. ನಿವೃತ್ತಳಾದ ಮೇಲೂ ಯಾವ ಕಾಗದ ಕೈಗೆ ಬಂದರೂ ಕಣ್ಣು ಮೊದಲು ಹೋಗುವುದು ಮೊಹರು, ಸಹಿ, ಕ್ರಮಸಂಖ್ಯೆಗಳ ಕಡೆಗೆ. ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿಐಎ ತನ್ನ ಹಳೆಯ ಕಡತಗಳನ್ನು ಓದುವುದಕ್ಕೆಂದು ಅಂತರ್ಜಾಲದಲ್ಲಿ ತೆರೆದಿರುವ ವಾಚನಾಲಯವನ್ನು ನಾಲ್ಕು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಬೇಹುಗಾರರ ರೋಚಕ ಕಥೆಗಳನ್ನು ಹುಡುಕಿಕೊಂಡು ಅಲ್ಲಿಗೆ ಹೋಗುವವರು ಬಹಳ. ನಾನು ಹೇಳಬೇಕೆಂದಿರುವುದು ಬೇರೆ: ಒಂದು ಸರ್ಕಾರ ತನ್ನ ಅತಿ ಗೋಪ್ಯ ಮಾಹಿತಿಗೆ ಹೇಗೆ ಬೀಗ ಹಾಕುತ್ತದೆ, ಆ ಬೀಗದ ಕೈಯನ್ನು ಯಾರಿಗೆ ಕೊಡುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆಯನ್ನು ನಾನು ಕಂಡಿಲ್ಲ.

ನನ್ನನ್ನು ಅಲ್ಲಿ ಕಟ್ಟಿಹಾಕಿದ ಒಂದು ಹಾಳೆಯಿಂದಲೇ ಶುರುಮಾಡುತ್ತೇನೆ. ಟಾಪ್ ಸೀಕ್ರೆಟ್ ದಾಖಲೆಗಳ ಮೇಲೆ ಲಗತ್ತಿಸುತ್ತಿದ್ದ ಹೊದಿಕೆ ಹಾಳೆ ಅದು. ಮೇಲುಗಡೆ ದಾಖಲೆಯ ಜಾತಕ: ಮೂಲ, ದಿನಾಂಕ, ಪ್ರತಿಯ ಸಂಖ್ಯೆ, ಪುಟಗಳೆಷ್ಟು, ಲಗತ್ತುಗಳೆಷ್ಟು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸೂಚನೆ. ದಾಖಲೆಯ ಗೋಪ್ಯತೆಯ ದರ್ಜೆ ಇಳಿಯುವವರೆಗೆ, ಅಥವಾ ಅದು ನಾಶವಾಗುವವರೆಗೆ, ಅಥವಾ ಸಂಸ್ಥೆಯ ಹೊರಗೆ ಹೋಗುವವರೆಗೆ ಈ ಹಾಳೆಯನ್ನು ಅದರಿಂದ ಬೇರ್ಪಡಿಸಕೂಡದು. ಎಡಗಡೆಯ ಅಂಕಣಗಳು ಕಡತ ಕಾಯುವ ಅಧಿಕಾರಿಗಳಿಗೆ: ಪಡೆದಾಗ ಒಂದು ಸಹಿ, ಬಿಟ್ಟುಕೊಟ್ಟಾಗ ಇನ್ನೊಂದು. ಬಲಗಡೆಯ ಅಂಕಣ ‘ನೋಡಿದವರು’. ಕಾಗದದ ಮೇಲೆ ಕಣ್ಣಾಡಿಸಿದ ಪ್ರತಿಯೊಬ್ಬರೂ ಅಲ್ಲಿ ಸಹಿ ಮಾಡಿ ದಿನಾಂಕ ಹಾಕಬೇಕು.

ಆ ರಾತ್ರಿ ನಾನು ಬಹಳ ಹೊತ್ತು ಆ ಹಾಳೆಯ ಮುಂದೆಯೇ ಕುಳಿತಿದ್ದೆ. ನನ್ನ ವಹಿಯಲ್ಲಿ ‘ಪಡೆದವರು’ ಎಂಬ ಅಂಕಣವಿತ್ತು, ‘ಹಿಂತಿರುಗಿಸಿದವರು’ ಎಂಬುದೂ ಇತ್ತು. ‘ನೋಡಿದವರು’ ಎಂಬ ಅಂಕಣ ಇರಲಿಲ್ಲ. ಕಡತ ಒಬ್ಬರ ಮೇಜಿನ ಮೇಲೆ ಮೂರು ದಿನ ಇದ್ದರೆ, ಆ ಮೂರು ದಿನಗಳಲ್ಲಿ ಎಷ್ಟು ಜನ ಅದನ್ನು ತೆರೆದು ಓದಿದರೆಂದು ಕೇಳುವ ಗೋಜಿಗೆ ನಾವು ಹೋದದ್ದೇ ಇಲ್ಲ. ನಾವು ಕಾದದ್ದು ಕಾಗದವನ್ನು. ಇವರು ಕಾಯಲು ಹೊರಟದ್ದು ಅದನ್ನು ಓದಿದ ತಲೆಗಳನ್ನು.

ವಾಚನಾಲಯದ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1995ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹೊರಡಿಸಿದ 12958ನೆಯ ಆದೇಶದ ಪ್ರಕಾರ, 25 ವರ್ಷ ತುಂಬಿದ, ಐತಿಹಾಸಿಕ ಮಹತ್ವವಿರುವ ಗೋಪ್ಯ ದಾಖಲೆಗಳು ವಿನಾಯಿತಿಯೊಳಗೆ ಬರದಿದ್ದರೆ ತಾವಾಗಿಯೇ ಬಹಿರಂಗವಾಗಬೇಕು. ಹಾಗೆ ಬಿಡುಗಡೆಯಾದ ಕಡತಗಳನ್ನು ಸಿಐಎ ‘ಕ್ರೆಸ್ಟ್’ ಎಂಬ ಸಂಗ್ರಹದಲ್ಲಿ ತುಂಬಿಸುತ್ತಾ ಬಂತು. ಆದರೆ ಅದನ್ನು ನೋಡಬೇಕಾದರೆ ಮೇರಿಲ್ಯಾಂಡ್ ರಾಜ್ಯದ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೇ ಹೋಗಬೇಕಿತ್ತು. ಅಲ್ಲಿಯೂ ಇದ್ದದ್ದು ನಾಲ್ಕೇ ನಾಲ್ಕು ಕಂಪ್ಯೂಟರುಗಳು, ಅವು ಸಿಗುತ್ತಿದ್ದದ್ದೂ ಕಚೇರಿಯ ವೇಳೆಯಲ್ಲಿ ಮಾತ್ರ. ಮಾಹಿತಿ ಹಕ್ಕಿಗಾಗಿ ದುಡಿಯುವ ಮಕ್‌ರಾಕ್ ಸಂಸ್ಥೆ 2014ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಸಂಶೋಧಕರೊಬ್ಬರು ಜನರಿಂದ ಹಣ ಕೂಡಿಸಿ, ಅಲ್ಲಿಯ ಪುಟಗಳನ್ನು ಒಂದೊಂದಾಗಿ ಮುದ್ರಿಸಿ ತಂದು ಮತ್ತೆ ಸ್ಕ್ಯಾನ್ ಮಾಡಿ ಹಂಚಲು ತೊಡಗಿದರು. ಕೊನೆಗೆ 2017ರ ಜನವರಿಯಲ್ಲಿ ಸುಮಾರು 9,30,000 ದಾಖಲೆಗಳು, 1 ಕೋಟಿ 20 ಲಕ್ಷಕ್ಕೂ ಮಿಕ್ಕ ಪುಟಗಳು ಅಂತರ್ಜಾಲಕ್ಕೆ ಬಂದವು. ಇಂದು ನನ್ನಂಥವಳು ಮನೆಯಲ್ಲಿ ಕುಳಿತು, ಒಂದು ಕಾಸೂ ಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ ಓದುತ್ತಿರುವುದರ ಹಿಂದೆ ಅಷ್ಟು ಜನರ ಹಟವಿದೆ. ಅವರನ್ನು ನೆನೆಯದೆ ನಾನು ಒಂದು ಪುಟವನ್ನೂ ತೆರೆಯುವುದಿಲ್ಲ.

ಹೊಸದಾಗಿ ಬಳಸುವವರಿಗೆ ನನ್ನ ಸಲಹೆ: ಮೊದಲ ವಾರ ಒಕ್ಕಣೆಯನ್ನು ಓದುವ ಆತುರ ಬೇಡ, ಅಂಚುಗಳನ್ನು ಓದಿ. ಪುಟದ ನೆತ್ತಿಯ ಮೇಲೆ ಬಿಡುಗಡೆಗೆ ಒಪ್ಪಿಗೆ ಸಿಕ್ಕ ದಿನಾಂಕ, ಅದರ ಪಕ್ಕದಲ್ಲಿ ‘ಸಿಐಎ-ಆರ್‌ಡಿಪಿ’ ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ. ಹಳೆಯ ಗೋಪ್ಯತೆಯ ಮೊಹರು ಮೇಲೆ ಒಂದು, ಕೆಳಗೆ ಒಂದು. ಅಮೆರಿಕದ ಪದ್ಧತಿಯಲ್ಲಿ ದರ್ಜೆಗಳು ಮೂರೇ. ಮಾಹಿತಿ ಹೊರಬಿದ್ದರೆ ದೇಶದ ಭದ್ರತೆಗೆ ಹಾನಿಯಾಗುವಂತಿದ್ದರೆ ಕಾನ್ಫಿಡೆನ್ಶಿಯಲ್, ಗಂಭೀರ ಹಾನಿಯಾಗುವಂತಿದ್ದರೆ ಸೀಕ್ರೆಟ್, ಅತ್ಯಂತ ಘೋರ ಹಾನಿಯಾಗುವಂತಿದ್ದರೆ ಟಾಪ್ ಸೀಕ್ರೆಟ್. ಟಾಪ್ ಸೀಕ್ರೆಟ್‌ಗಿಂತ ಮೇಲೆ ಇನ್ನೊಂದು ದರ್ಜೆಯಿದೆ ಎಂದು ಅನೇಕರು ನಂಬಿದ್ದಾರೆ. ಮೇಲೆ ಏನೂ ಇಲ್ಲ. ಇರುವುದು ಅಕ್ಕಪಕ್ಕದಲ್ಲಿ, ಒಂದರೊಳಗೆ ನಿಂತರೆ ಇನ್ನೊಂದು ಕಾಣದಂತೆ ಕಟ್ಟಿದ ಕೋಣೆಗಳು. ಈ ಮಾತು ಮನಸ್ಸಿಗೆ ಇಳಿಯಲು ನನಗೆ ತಿಂಗಳುಗಳೇ ಹಿಡಿದವು. ಇಳಿದ ಮೇಲೆ ಉಳಿದದ್ದೆಲ್ಲ ಬಿಡಿಸಿಕೊಂಡಿತು.

ಗೋಪ್ಯ ದಾಖಲೆ ನೋಡುವ ಅನುಮತಿ ಪತ್ರ ಇದ್ದವರೆಲ್ಲ ಎಲ್ಲವನ್ನೂ ಓದುವಂತಿಲ್ಲ. ಈಗ ಜಾರಿಯಲ್ಲಿರುವ ಮೂಲ ನಿಯಮ, 2009ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಸಹಿ ಮಾಡಿದ 13526ನೆಯ ಆದೇಶ, ಮೂರು ಷರತ್ತುಗಳನ್ನು ಹಾಕುತ್ತದೆ. ವ್ಯಕ್ತಿ ಅರ್ಹನೆಂದು ಸಂಸ್ಥೆ ತೀರ್ಮಾನಿಸಿರಬೇಕು, ಬಾಯಿ ಬಿಡುವುದಿಲ್ಲವೆಂಬ ಕರಾರಿಗೆ ಆತ ಸಹಿ ಹಾಕಿರಬೇಕು, ಆ ಮಾಹಿತಿ ಅವನ ಕೆಲಸಕ್ಕೆ ಬೇಕೇ ಬೇಕಾಗಿರಬೇಕು. ಮೂರನೆಯದೇ ನಿಜವಾದ ಬೀಗ. 2013ರಲ್ಲಿ ಅಮೆರಿಕದಲ್ಲಿ ಗೋಪ್ಯ ದಾಖಲೆಗಳನ್ನು ನೋಡಲು ಅರ್ಹರೆಂದು ಲೆಕ್ಕಕ್ಕೆ ಬಂದವರು 51 ಲಕ್ಷ ಜನ. ಅಷ್ಟು ಜನರಿಗೆ ಗೊತ್ತಿರುವುದನ್ನು ಗುಟ್ಟು ಎಂದು ಹೇಗೆ ಕರೆಯುವುದು? ಆದ್ದರಿಂದಲೇ ಅತಿ ಸೂಕ್ಷ್ಮವಾದ ಗುಪ್ತಚರ ಮಾಹಿತಿಗೆ ಕೋಣೆಗಳು ಬೇಕಾದವು. ಪ್ರತಿ ಕೋಣೆಗೂ ಬೇರೆ ಹೆಸರು, ಬೇರೆ ಕರಾರು, ಬೇರೆ ಪಟ್ಟಿ. ಒಳಗೆ ಬಿಡುವಾಗ ಪಾಠ ಹೇಳಿ ಸಹಿ ಪಡೆಯುತ್ತಾರೆ, ಹೊರಗೆ ಕಳಿಸುವಾಗ ಮತ್ತೆ ಎಚ್ಚರಿಸಿ ಸಹಿ ಪಡೆಯುತ್ತಾರೆ. ಓದುವ ಜಾಗವೂ ಪ್ರತ್ಯೇಕ: ಗೋಡೆಯಾಚೆ ಮಾತು ಕೇಳಿಸದಂತೆ ಕಟ್ಟಿದ ಕೊಠಡಿ, ಮೊಬೈಲ್ ಬಾಗಿಲ ಹೊರಗೆ.

ಆ ಕೋಣೆಗಳಲ್ಲೊಂದು ಹುಟ್ಟಿದ್ದನ್ನು ಕಾಗದದಲ್ಲಿಯೇ ಕಾಣಬಹುದು. 1960ರ ಆಗಸ್ಟ್ 19ರಂದು, ಬಾಹ್ಯಾಕಾಶದಿಂದ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಫಿಲಂ ಪೆಟ್ಟಿಗೆಯೊಂದನ್ನು ಅಮೆರಿಕದ ವಾಯುಪಡೆಯ ವಿಮಾನ ಪೆಸಿಫಿಕ್ ಸಾಗರದ ಮೇಲೆ ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯಿತು. ಕೊರೋನಾ ಎಂಬ ಬೇಹು ಉಪಗ್ರಹದ ಮೊದಲ ಫಸಲು ಅದು. ನಾಲ್ಕು ವರ್ಷಗಳ ಯು-2 ಬೇಹು ವಿಮಾನದ ಹಾರಾಟಗಳೆಲ್ಲ ಸೇರಿ ತೋರಿಸಿದ್ದಕ್ಕಿಂತ ಹೆಚ್ಚು ಸೋವಿಯತ್ ನೆಲ ಆ ಒಂದು ಸುರುಳಿಯಲ್ಲಿತ್ತು. ಒಂದು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 26ರಂದು, ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೊಂದು ಹೊಸ ಕಾವಲನ್ನು ನಿಗದಿಪಡಿಸಿದರು. ಚಿತ್ರಗಳನ್ನಷ್ಟೇ ಅಲ್ಲ, ಹಾಗೆ ಚಿತ್ರ ತೆಗೆಯಲಾಗುತ್ತಿದೆ ಎಂಬ ಸಂಗತಿಯನ್ನೂ ತಿಳಿಯಲೇಬೇಕಾದವರ ಕಣ್ಣಿಗೆ ಮಾತ್ರ ಬೀಳಿಸಬೇಕು ಎಂಬುದು ಅದರ ತಿರುಳು. ಟ್ಯಾಲೆಂಟ್-ಕೀಹೋಲ್ ಎಂಬುದು ಈ ಕೋಣೆಯ ಹೆಸರು. ಉಪಗ್ರಹವನ್ನೂ ಕ್ಯಾಮರಾವನ್ನೂ ಕಟ್ಟುವವರಿಗೆ ಬೈಮನ್ ಎಂಬ ಮತ್ತೊಂದು ಕೋಣೆ. ಚಿತ್ರ ನೋಡಿ ಕ್ಷಿಪಣಿ ಎಣಿಸುವವನಿಗೆ ಆ ಕ್ಯಾಮರಾ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಬೇಕಾಗಿಲ್ಲ, ಕ್ಯಾಮರಾ ಮಾಡಿದವನು ಚಿತ್ರಗಳನ್ನು ನೋಡಬೇಕಾಗಿಲ್ಲ. ಉಪಗ್ರಹಗಳನ್ನು ನಡೆಸಲೆಂದು 1961ರಲ್ಲಿ ಹುಟ್ಟಿದ ರಾಷ್ಟ್ರೀಯ ವಿಚಕ್ಷಣಾ ಕಚೇರಿ ಇದೆಯೆಂದೇ ಸರ್ಕಾರ ಒಪ್ಪಿಕೊಂಡದ್ದು 1992ರಲ್ಲಿ.

ಈ ಹಿನ್ನೆಲೆಯಿಟ್ಟುಕೊಂಡು ವಾಚನಾಲಯದಲ್ಲಿ ಅರವತ್ತರ ದಶಕದ ಒಂದು ಚಿತ್ರ-ವಿಶ್ಲೇಷಣೆಯ ವರದಿ ತೆರೆದರೆ, ಪುಟದ ತಳದಲ್ಲಿ ‘ಟ್ಯಾಲೆಂಟ್-ಕೀಹೋಲ್ ನಿಯಂತ್ರಣದ ಮೂಲಕವೇ ಸಾಗಿಸತಕ್ಕದ್ದು’ ಎಂಬರ್ಥದ ಸಾಲು ಕಾಣುತ್ತದೆ. ಮೇಲೆ ಪ್ರತಿಯ ಸಂಖ್ಯೆ. ವರದಿಯ ಒಳಗೆ ಯಾವುದೋ ರೈಲು ನಿಲ್ದಾಣ, ಯಾವುದೋ ಕಾರ್ಖಾನೆಯ ಛಾವಣಿಯ ಅಳತೆ. ಒಣ ವಿಷಯ. ಆದರೆ ಆ ಒಂದು ಸಾಲು, ಈ ಛಾವಣಿಯ ಅಳತೆಯನ್ನು ಒಂದು ಕಾಲದಲ್ಲಿ ಎಷ್ಟು ಕಡಿಮೆ ಜನ ನೋಡಬಹುದಿತ್ತು ಎಂದು ಹೇಳುತ್ತದೆ.

ಬೀಗ ಇದ್ದಲ್ಲಿ ಕಳವೂ ಇದೆ. ಸಿಐಎಯ ಕಿರಿಯ ನೌಕರನಾಗಿದ್ದ ವಿಲಿಯಂ ಕಂಪೈಲ್ಸ್, ಕೆಎಚ್-11 ಎಂಬ ಬೇಹು ಉಪಗ್ರಹದ ಕೈಪಿಡಿಯನ್ನು ಕೋಟಿನೊಳಗೆ ಹಾಕಿಕೊಂಡಷ್ಟು ಸಲೀಸಾಗಿ ಹೊರತಂದು, ಕೆಲಸ ಬಿಟ್ಟ ಮೇಲೆ 1978ರಲ್ಲಿ ಅಥೆನ್ಸ್‌ನಲ್ಲಿ ಸೋವಿಯತ್ ಗೂಢಚಾರನಿಗೆ 3,000 ಡಾಲರಿಗೆ ಮಾರಿದ. 40 ವರ್ಷಗಳ ಶಿಕ್ಷೆಯಾಯಿತು. ವಿಚಾರಣೆಯ ವೇಳೆ ಬಯಲಾದ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದ್ದು: ಆ ಕೈಪಿಡಿಯ ಇನ್ನೂ ಹಲವು ಪ್ರತಿಗಳು ಎಲ್ಲಿವೆಯೆಂದು ಯಾರಿಗೂ ಗೊತ್ತಿರಲಿಲ್ಲ. ಪ್ರತಿಗೊಂದು ಸಂಖ್ಯೆ, ಸಂಖ್ಯೆಗೊಂದು ಸಹಿ ಎಂಬ ಪದ್ಧತಿ ಇದ್ದೂ ಹೀಗಾಯಿತು. ಅಂಕಣ ಗೀಚಿದರೆ ಸಾಲದು, ವರ್ಷಕ್ಕೊಮ್ಮೆ ಬೀರು ತೆರೆದು ಎಣಿಸಬೇಕು. ಎಣಿಸುವ ಕೆಲಸದ ಬೇಸರ ಎಂಥದ್ದೆಂದು ನನಗೆ ಗೊತ್ತು. ಆ ಬೇಸರಕ್ಕೆ ಮಣಿದ ದಿನವೇ ಕಡತ ಹೋಗಿರುತ್ತದೆ.

ಈ ಸಂಗ್ರಹದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಅಧ್ಯಕ್ಷರ ದಿನವಹಿ ವರದಿಗಳದ್ದು. ಅಧ್ಯಕ್ಷ ಕೆನಡಿಗಾಗಿ 1961ರ ಜೂನ್ 17ರಂದು ಇದರ ಮೊದಲ ಸಂಚಿಕೆ ಸಿದ್ಧವಾಯಿತು. ಅಂಗಿಯ ಜೇಬಿನಲ್ಲಿ ಹಿಡಿಯುವ ಪುಟ್ಟ ಗಾತ್ರ, ಹತ್ತಾರು ಮೂಲಗಳಿಂದ ಬಸಿದು ತೆಗೆದ ಸಾರ. ಇದನ್ನು ಯಾರು ಓದಬೇಕೆಂಬ ಪಟ್ಟಿಯನ್ನು ಶ್ವೇತಭವನವೇ ಇಟ್ಟುಕೊಂಡಿತ್ತು, ಆ ಪಟ್ಟಿಯಲ್ಲಿ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅವರ ಹೆಸರಿರಲಿಲ್ಲ. ದೇಶದ ಎರಡನೆಯ ಹುದ್ದೆಯಲ್ಲಿದ್ದವರು, ಒಂದು ಗುಂಡಿನ ದೂರದಲ್ಲಿ ಮೊದಲನೆಯ ಹುದ್ದೆ ಇದ್ದವರು. 1963ರ ನವೆಂಬರ್ 22ರ ನಂತರ ದೇಶದ ಭಾರ ಅವರ ಹೆಗಲಿಗೆ ಬಿದ್ದಾಗ, ಎರಡೂವರೆ ವರ್ಷ ಪ್ರತಿ ಬೆಳಿಗ್ಗೆ ತಯಾರಾಗುತ್ತಿದ್ದ ಆ ಹಾಳೆ ಅವರಿಗೆ ಹೊಸದು. ಅನುಮತಿಯ ದರ್ಜೆಯಾಗಲಿ ಹುದ್ದೆಯಾಗಲಿ ಯಾರನ್ನೂ ತಾನಾಗಿ ಒಳಗೆ ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಬೀಗದ ಕೈ ಇರುವುದು ಮನುಷ್ಯರ ಕೈಯಲ್ಲಿ, ಮನುಷ್ಯರಿಗೆ ಬೇಕಾದವರಿರುತ್ತಾರೆ, ಬೇಡದವರೂ ಇರುತ್ತಾರೆ.

ಕೆನಡಿ ಹತ್ಯೆಯಾದ ದಿನದ ಸಂಚಿಕೆಯನ್ನು ನೋಡಿ. ಅದರಲ್ಲಿ ಗುಪ್ತಚರ ವರದಿ ಒಂದೂ ಇಲ್ಲ. ಇದು ಯಾರಿಗಾಗಿ ಮೊದಲು ಬರೆಯಲಾಯಿತೋ ಅವರ ಗೌರವಾರ್ಥ ಎಂಬ ಮಾತು, ಕ್ಯೂಬಾದ ಕ್ಷಿಪಣಿಗಳ ಸುದ್ದಿ ತಿಳಿದ ದಿನ ಅವರು ಪತ್ರಕರ್ತರೆದುರು ಹೇಳಿದ್ದ ಒಂದು ಪದ್ಯ, ಅಷ್ಟೇ. ಪ್ರತಿದಿನ ಯಾರ ಓದಿಗಾಗಿ ರಾತ್ರಿಯಿಡೀ ಕುಳಿತು ಬರೆಯುತ್ತಿದ್ದರೋ ಆ ಓದುಗನೇ ಇಲ್ಲವಾದಾಗ ಆ ಸಿಬ್ಬಂದಿಗೆ ಬೇರೆ ಮಾತು ಹೊರಡಲಿಲ್ಲ. ಹೆಸರಿಲ್ಲದ ಆ ಗುಮಾಸ್ತರ ದುಃಖ ನನಗೆ ನನ್ನವರದ್ದೆನ್ನುವಷ್ಟು ಹತ್ತಿರವಾಯಿತು. ಈ ಮಾದರಿಯ ವರದಿಗಳನ್ನು ಎಂದೆಂದಿಗೂ ಬಿಡುಗಡೆ ಮಾಡಲಾಗದೆಂದು ಸಂಸ್ಥೆ ಒಂದು ಕಾಲದಲ್ಲಿ ನ್ಯಾಯಾಲಯದಲ್ಲಿ ವಾದಿಸಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕೆನಡಿ ಮತ್ತು ಜಾನ್ಸನ್ ಕಾಲದ ಸುಮಾರು 2,500 ಸಂಚಿಕೆಗಳನ್ನು ತಾನೇ ತೆರೆದಿಟ್ಟಿತು. ಬಿಳಿ ಚೌಕಗಳಿವೆ, ಆದರೂ ಓದಬಹುದು.

ಬಿಳಿ ಚೌಕಗಳು ಎಂದೆನಲ್ಲ, ಅವು ಈ ವಾಚನಾಲಯದ ಎರಡನೆಯ ಭಾಷೆ. ಅಳಿಸಿದ ಜಾಗದ ಪಕ್ಕದಲ್ಲಿ ‘25ಎಕ್ಸ್1’ ಎಂದಿದ್ದರೆ, 25 ವರ್ಷ ಕಳೆದರೂ ಬಿಡಲಾಗದ ಮಾಹಿತಿ, ಮುಖ್ಯವಾಗಿ ಗುಟ್ಟು ತಂದುಕೊಟ್ಟ ಮನುಷ್ಯ ಅಥವಾ ತಂದ ವಿಧಾನ, ಅಲ್ಲಿತ್ತು ಎಂದರ್ಥ. ‘ಸ್ಟ್ಯಾಟ್’ ಎಂದಿದ್ದರೆ ಶಾಸನವೊಂದರ ರಕ್ಷಣೆಯಲ್ಲಿರುವ ಮಾಹಿತಿ, ಅನೇಕ ಸಲ ನೌಕರರ ಹೆಸರು. ಮೊದಮೊದಲು ಈ ಚೌಕಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಎಲ್ಲ ಚೌಕಗಳ ಮೇಲೂ ಬರುವುದಿಲ್ಲ. ಪ್ರಾಣ ಒತ್ತೆಯಿಟ್ಟು ಸುದ್ದಿ ಕೊಟ್ಟವನ ಮಕ್ಕಳು ಅದೇ ಊರಿನಲ್ಲಿ ಬದುಕಿರಬಹುದು. ಅವನ ಹೆಸರು ಮುಚ್ಚಿರಲಿ. ಆದರೆ ಮುಜುಗರವನ್ನು ಮುಚ್ಚಲು ಎಳೆದ ಚೌಕಗಳೂ ಇವೆ, ಅವುಗಳ ಮೇಲೆ ನನ್ನ ಸಿಟ್ಟು ತಣಿದಿಲ್ಲ.

ಎರಡರ ವ್ಯತ್ಯಾಸ ತಿಳಿಯಲು ಒಂದು ದಾರಿಯಿದೆ: ಒಂದೇ ದಾಖಲೆ ಬೇರೆ ಬೇರೆ ವರ್ಷಗಳಲ್ಲಿ ಬಿಡುಗಡೆಯಾಗಿದ್ದರೆ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಯು-2 ವಿಮಾನಗಳ ಬಗ್ಗೆ ಸಂಸ್ಥೆಯ ಒಳಗಿನ ಇತಿಹಾಸಕಾರರು 1992ರಲ್ಲಿ ಬರೆದ ದೊಡ್ಡ ಗ್ರಂಥ 1998ರಲ್ಲಿ ಬಹಳಷ್ಟು ಕತ್ತರಿಸಿ ಹೊರಬಂದಿತ್ತು. 2013ರ ಆಗಸ್ಟ್‌ನಲ್ಲಿ, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಶೋಧನಾ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಗೆ ಉತ್ತರವಾಗಿ, ಕತ್ತರಿ ಕಡಿಮೆ ಬಿದ್ದ ಪ್ರತಿ ಬಂತು. ನೆವಾಡಾ ರಾಜ್ಯದ ಏರಿಯಾ 51 ಎಂಬ ಗುಪ್ತ ವಿಮಾನ ಪರೀಕ್ಷಾ ನೆಲೆಯ ಹೆಸರು ಅದರಲ್ಲಿದ್ದದ್ದೇ ಲೋಕದ ತುಂಬ ಸುದ್ದಿಯಾಯಿತು. ನನಗೆ ಮುಖ್ಯವೆನಿಸಿದ್ದು ಭಾರತದ ಪುಟಗಳು. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ನೆಹರೂ ಯು-2 ಹಾರಾಟಕ್ಕೆ ಒಪ್ಪಿದ್ದು, ಒಡಿಶಾದ ಚಾರ್‌ಬಾಟಿಯಾ ವಾಯುನೆಲೆಯನ್ನು ಕೊಡಲಾದದ್ದು, 1964ರ ಮೇ ತಿಂಗಳಲ್ಲಿ ಅಲ್ಲಿಂದ ಮೊದಲ ಹಾರಾಟ ನಡೆದ ಕೆಲವೇ ದಿನಗಳಲ್ಲಿ ನೆಹರೂ ತೀರಿಕೊಂಡದ್ದು. ಐವತ್ತು ವರ್ಷ ಹಳೆಯ ಸಂಗತಿ. ನಮ್ಮದೇ ಇತಿಹಾಸದ ಒಂದು ಹಾಳೆಯನ್ನು ನಾನು ಓದಬೇಕೋ ಬೇಡವೋ ಎಂಬುದನ್ನು ಅಷ್ಟು ಕಾಲ ಬೇರೆಯವರ ಮೇಜಿನ ಮೇಲಿದ್ದ ಕತ್ತರಿ ನಿರ್ಧರಿಸುತ್ತಿತ್ತು.

ಸಿಗದೇ ಇರುವುದರ ಬಗ್ಗೆಯೂ ಹೇಳಬೇಕು. 1984ರ ಒಂದು ಕಾಯಿದೆ ಸಿಐಎಯ ಕಾರ್ಯಾಚರಣೆಯ ಕಡತಗಳನ್ನು ಮಾಹಿತಿ ಅರ್ಜಿಗಳ ಹುಡುಕಾಟದಿಂದಲೇ ಹೊರಗಿಟ್ಟಿದೆ. ಆದ್ದರಿಂದ ಇಲ್ಲಿ ವರದಿ, ವಿಶ್ಲೇಷಣೆ, ಆಡಳಿತದ ಪತ್ರ ಹೇರಳ, ಗೂಢಚಾರನೊಬ್ಬನನ್ನು ಹೇಗೆ ಒಲಿಸಿಕೊಂಡರೆಂಬ ಕಡತ ಅಪರೂಪ. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ನಾನೂ ಒಂದು ಕಚೇರಿಗೆ ಹಾಕಿದ್ದೆ, ಯಾವುದೆಂದು ಹೇಳುವುದಿಲ್ಲ. ಹನ್ನೊಂದು ತಿಂಗಳ ನಂತರ ಬಂದ ಉತ್ತರ: ಅಂಥ ದಾಖಲೆ ಇದೆಯೆಂದೂ ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು. ಈ ಉತ್ತರಕ್ಕೆ ಗ್ಲೋಮರ್ ಎಂದೇ ಹೆಸರು. ಮುಳುಗಿದ ಸೋವಿಯತ್ ಜಲಾಂತರ್ಗಾಮಿಯನ್ನು 1974ರಲ್ಲಿ ಸಮುದ್ರದ ತಳದಿಂದ ಎತ್ತಲು ಹೋದ ಗ್ಲೋಮರ್ ಎಕ್ಸ್‌ಪ್ಲೋರರ್ ಹಡಗಿನ ಬಗ್ಗೆ ಪತ್ರಕರ್ತೆಯೊಬ್ಬರು ಕೇಳಿದಾಗ ಸಿಐಎ ಕೊಟ್ಟ ಉತ್ತರದಿಂದ ಬಂದದ್ದು. ಇಲ್ಲ ಎಂದಿದ್ದರೆ ನನಗೆ ಸಹ್ಯವಾಗುತ್ತಿತ್ತು. ಬೀರುವಿನಲ್ಲಿ ಹುಡುಕಿ ‘ಸಿಗಲಿಲ್ಲ’ ಎಂದು ಬರೆದುಕೊಟ್ಟು ರೂಢಿಯಿದ್ದ ನನಗೆ, ಬೀರುವೇ ಇದೆಯೋ ಇಲ್ಲವೋ ಹೇಳದ ಪತ್ರವನ್ನು ಎಲ್ಲಿ ಲಗತ್ತಿಸಬೇಕೆಂದೇ ತೋಚಲಿಲ್ಲ.

ತೆರೆದದ್ದು ತೆರೆದೇ ಇರುತ್ತದೆಂದು ನಂಬಿ ಕೂರಬೇಡಿ. 2006ರಲ್ಲಿ ಬಯಲಾದಂತೆ, ರಾಷ್ಟ್ರೀಯ ಪತ್ರಾಗಾರದ ಕಪಾಟುಗಳಲ್ಲಿ ಎಲ್ಲರಿಗೂ ಸಿಗುತ್ತಿದ್ದ ಸುಮಾರು 55,000 ಪುಟಗಳನ್ನು ಗುಪ್ತಚರ ಸಂಸ್ಥೆಗಳು ಸದ್ದಿಲ್ಲದೆ ಹಿಂದಕ್ಕೆ ಪಡೆದಿದ್ದವು. ಬೇಕಾದ ಪುಟ ಸಿಕ್ಕ ಕೂಡಲೇ ಇಳಿಸಿಕೊಳ್ಳಿ, ಆರ್‌ಡಿಪಿ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂಲ ಕಾಗದಗಳಲ್ಲಿ ಮಸುಕಾದ ಕಾರ್ಬನ್ ಪ್ರತಿಗಳು ಹೆಚ್ಚು. ಪದ ಹುಡುಕುವ ಯಂತ್ರದ ಕಣ್ಣಿಗೆ ಬೀಳದ ಪದ ಮನುಷ್ಯನ ಕಣ್ಣಿಗೆ ಬೀಳುತ್ತದೆ. ಒಂದು ಪದದಿಂದ ಸಿಗದಿದ್ದರೆ ಸಂಕೇತನಾಮದಿಂದ, ಅದರಿಂದಲೂ ಸಿಗದಿದ್ದರೆ ದಿನಾಂಕದಿಂದ ಹುಡುಕಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪತ್ರಿಕೋದ್ಯಮ, ಇತಿಹಾಸ ಓದುವ ಮಕ್ಕಳಿಗೂ, ಕಚೇರಿಗಳಲ್ಲಿ ‘ಗೋಪ್ಯ’ ಎಂಬ ಮೊಹರನ್ನು ಯೋಚಿಸದೆ ಒತ್ತುವ ಪ್ರತಿಯೊಬ್ಬರಿಗೂ ಇದನ್ನು ತೋರಿಸಬೇಕೆಂಬುದು ನನ್ನ ಆಸೆ. ಅವರು ಮೊದಲು ನೋಡಬೇಕಾದದ್ದು 1917 ಮತ್ತು 1918ರ ಆರು ಕಾಗದಗಳು. ಅದೃಶ್ಯ ಮಸಿ ಮಾಡುವ ಬಗೆ, ಮೊಹರು ಮಾಡಿದ ಲಕೋಟೆಯನ್ನು ಗೊತ್ತಾಗದಂತೆ ಬಿಚ್ಚುವ ಬಗೆ ಅದರಲ್ಲಿವೆ. ಅವುಗಳ ಗೋಪ್ಯತೆ ತೆರವಾದದ್ದು 2011ರಲ್ಲಿ. ಮಸಿ ತಯಾರಿಸಿದವರೂ, ಅದರಲ್ಲಿ ಬರೆದವರೂ, ಆ ಪತ್ರಗಳಿಗಾಗಿ ಕಾದವರೂ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ.

ಮೊನ್ನೆ ಮತ್ತೊಂದು ಹೊದಿಕೆ ಹಾಳೆ ಸಿಕ್ಕಿತು. ‘ನೋಡಿದವರು’ ಅಂಕಣದಲ್ಲಿ ಆರು ಸಾಲು ತುಂಬಿದ್ದವು. ಸಹಿಗಳಿದ್ದ ಜಾಗದ ಮೇಲೆಲ್ಲ ಬಿಳಿ ಚೌಕ, ಪಕ್ಕದಲ್ಲಿ ‘ಸ್ಟ್ಯಾಟ್’. ದಿನಾಂಕಗಳನ್ನು ಮಾತ್ರ ಬಿಟ್ಟಿದ್ದರು. ಮೊದಲ ಐದು ಒಂದೇ ವಾರದವು. ಆರನೆಯದು ನಾಲ್ಕು ತಿಂಗಳ ನಂತರದ್ದು, ಬೇರೆ ಪೆನ್ನು, ಬೇರೆ ಕೈ. ಅಷ್ಟು ತಡವಾಗಿ ಆ ಕಡತವನ್ನು ಕೇಳಿ ತರಿಸಿಕೊಂಡು ಓದಿದವರು ಯಾರಿರಬಹುದೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.